ಪಶುವೈದ್ಯರ ಮೊಹರು

2004ರ ಜುಲೈ 12, ಸೋಮವಾರ. ಬೆಳಗ್ಗೆ 10.40ಕ್ಕೆ ವಿಶ್ವವಿದ್ಯಾಲಯದ ಸಹಾಯಕ ಕುಲಸಚಿವ ದಕ್ಷಿಣಾಮೂರ್ತಿ ವಿಶಾಖಪಟ್ಟಣದ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ಏಳು ಫೈಲುಗಳಿದ್ದವು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಎಲ್‌ಎಲ್.ಎಂ. ಪ್ರವೇಶದ ಅರ್ಜಿಗಳಿವು. ಅಂಕಪಟ್ಟಿಯ ನಕಲುಗಳ ಮೇಲೆ ಗೆಜೆಟೆಡ್ ಅಧಿಕಾರಿಯ ಸಹಿ, ಮೊಹರು ಇರಬೇಕು. ಈ ಏಳರಲ್ಲೂ ಒಬ್ಬರದೇ ಇದೆ. ಡಾ. ಕಾಮೇಶ್ವರ ರಾವ್, ಸಹಾಯಕ ಪಶುವೈದ್ಯ, ವಿಜಯವಾಡ."

"ಒಬ್ಬರೇ ಏಳು ಜನಕ್ಕೆ ಹಾಕಿದರೆ ತಪ್ಪೇನು?" ಇನ್‌ಸ್ಪೆಕ್ಟರ್ ಓಂಕಾರಪ್ಪ ಕೇಳಿದರು.

ದಕ್ಷಿಣಾಮೂರ್ತಿ ಜೇಬಿನಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಖಾತ್ರಿಗೆಂದು ಆ ವೈದ್ಯರ ಕಚೇರಿಗೆ ಬರೆದ ಕಾಗದ ಅದು. ಅಂಚೆಯವರು ಷರಾ ಬರೆದು ವಾಪಸ್ ಕಳಿಸಿದ್ದರು: ವಿಳಾಸದಾರರು ಮೃತ.

ಸಹಿಗಳ ಕೆಳಗಿದ್ದ ತಾರೀಖುಗಳೆಲ್ಲ ಕಳೆದ ತಿಂಗಳವು.

"ಗುರುವಾರ ಕೌನ್ಸೆಲಿಂಗ್. ಬುಧವಾರ ಸಂಜೆ ಐದರೊಳಗೆ ನಿಮ್ಮ ವರದಿ ಬರದಿದ್ದರೆ ಏಳೂ ಹೆಸರು ತೆಗೆಯಬೇಕಾಗುತ್ತೆ. ಯಾರು ನಿರ್ದೋಷಿ ಅಂತ ನೋಡ್ತಾ ಕೂರೋಕೆ ನನಗೆ ಅಧಿಕಾರ ಇಲ್ಲ."

11.25ಕ್ಕೆ ಎಫ್‌ಐಆರ್ ದಾಖಲಾಯಿತು. ಖೋಟಾ ದಾಖಲೆ, ಖೋಟಾ ಮೊಹರು. ಆರೋಪಿ: ಅಪರಿಚಿತ.

ಮುಖ್ಯ ಪೇದೆ ಈಶ್ವರಯ್ಯ ಫೈಲುಗಳನ್ನು ತಿರುವಿ ನಕ್ಕ. "ದನದ ಡಾಕ್ಟರು ವಕೀಲರಿಗೆ ಸರ್ಟಿಫಿಕೇಟ್ ಕೊಡೋದು ಸರಿಯಾಗೇ ಇದೆ ಸಾರ್."

ಓಂಕಾರಪ್ಪ ನಗಲಿಲ್ಲ. ಏಳು ಜನರಲ್ಲಿ ಆಗಲೇ ವಕೀಲಿ ಮಾಡುತ್ತಿದ್ದವಳು ಒಬ್ಬಳೇ. ಹೆಸರು ತೃಪ್ತಿ, ಊರು ದಾವಣಗೆರೆ, ಈಗ ವಿಜಯವಾಡದಲ್ಲಿ ಅಕ್ಕನ ಮನೆಯಲ್ಲಿ ವಾಸ. ಪ್ರವೇಶ ಪರೀಕ್ಷೆಯಲ್ಲಿ ಎರಡನೇ ಸ್ಥಾನ. ಕಾನೂನು ಬಲ್ಲವಳು, ಮೊಹರಿನ ಬೆಲೆಯನ್ನೂ ಬಲ್ಲವಳು. ಮಧ್ಯಾಹ್ನದ ರೈಲಿಗೆ ಅವರು, ಈಶ್ವರಯ್ಯ ಮತ್ತು ಮಹಿಳಾ ಪೇದೆ ಪದ್ಮಾ ವಿಜಯವಾಡಕ್ಕೆ ಹೊರಟರು.

ಮಂಗಳವಾರ ಬೆಳಗ್ಗೆ 9.10. ತೃಪ್ತಿ ಅಕ್ಕನ ಮನೆಯ ನಡುಮನೆಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಕಪ್ಪು ಕೋಟು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಓಂಕಾರಪ್ಪ ಕನ್ನಡದ ಗಡಿಗಂಟಿದ ರಾಯದುರ್ಗದವರು. ಅವರ ಬಾಯಲ್ಲಿ ಕನ್ನಡ ಬಂದದ್ದು ಕೇಳಿ, ವಿಚಾರಣೆ ದಾವಣಗೆರೆಗೂ ಮುಟ್ಟಿತೇನೋ ಎಂದು ಅವಳ ಭಯ ಇನ್ನೂ ಹೆಚ್ಚಿತು.

"ಈ ಸಹಿ ಯಾರು ಹಾಕಿದ್ರವ್ವಾ?"

"ಡಾಕ್ಟ್ರು ಹಾಕಿದ್ರು ಸರ್. ಗವರ್ನರ್‌ಪೇಟೆ ಹಿಂದ್ಲ ಓಣ್ಯಾಗ ಅವರ ಮನಿ ಐತ್ರಿ."

"ನೀನು ನೋಡಿದೆಯಾ, ಹಾಕೋದನ್ನ?"

"ಇಲ್ರಿ. ಕಿಟಕ್ಯಾಗ ಕಾಗದ ಕೊಟ್ಟೆ. ಒಬ್ರು ಅಮ್ಮಾರು ತಗೊಂಡು ಒಳಗ ಹೋದ್ರು. ಡಾಕ್ಟರ್ ಗಾರು ಪೂಜೆಯಾಗದಾರ, ಕೂತ್ಕೊ ತಲ್ಲಿ ಅಂತ ತೆಲುಗಿನ್ಯಾಗ ಅಂದ್ರು. ಮಜ್ಜಿಗಿ ಕೊಟ್ರು."

"ಡಾಕ್ಟರ ದನಿ?"

ತೃಪ್ತಿ ಯೋಚಿಸಿದಳು. "ಅಮ್ಮಾರು ಒಳಗ ನನ್ನ ಅಂಕಪಟ್ಟಿ ಜೋರಾಗಿ ಓದ್ತಿದ್ರು. ಒಂದೊಂದೇ ವಿಷಯ, ಒಂದೊಂದೇ ಅಂಕ. ಇನ್ನೊಂದು ದನಿ ಕೇಳಲಿಲ್ರಿ."

"ಎಷ್ಟು ಕೊಟ್ಟೆ?"

"ಒಂದು ಪೈಸಾನೂ ಇಲ್ಲ. ಕೊಡಾಕ ಹೋದ್ರ ಬೈದ್ರು." ಅವಳು ಕುರ್ಚಿಯ ಮೇಲಿನ ಕೋಟಿನತ್ತ ನೋಡಿದಳು. "ಸರ್, ನನ್ನ ಹೆಸರು ಆರೋಪಿ ಅಂತ ಬಂದ್ರ ಸೀಟು ಅಷ್ಟೇ ಅಲ್ರಿ, ವಕೀಲಿ ಸನ್ನದೂ ಹೋಗ್ತದ. ನಾ ಮೋಸ ಮಾಡಿಲ್ರಿ."

"ಮೋಸ ಮಾಡಿದವರೂ ಇದೇ ಮಾತು ಹೇಳ್ತಾರೆ," ಎಂದ ಈಶ್ವರಯ್ಯ. ಪದ್ಮಾ ಅವನತ್ತ ದುರುಗುಟ್ಟಿ ನೋಡಿದಳು.

ಹತ್ತೂವರೆಗೆ ಗವರ್ನರ್‌ಪೇಟೆಯಲ್ಲಿ ಅಶೋಕನ ಜೆರಾಕ್ಸ್ ಅಂಗಡಿ. ತೃಪ್ತಿಗೆ ಆ ಮನೆಯ ದಾರಿ ಹೇಳಿದವನು ಅವನೇ.

"ಕಮಿಷನ್ ಎಷ್ಟು ನಿನಗೆ?" ಓಂಕಾರಪ್ಪ ಕೇಳಿದರು.

"ಅಯ್ಯೋ ಸಾರ್! ಬೇರೆ ಆಫೀಸರುಗಳು ನಾಳೆ ಬಾ, ನಾಡಿದ್ದು ಬಾ ಅಂತ ಓಡಾಡಿಸ್ತಾರೆ. ಆ ಮನೇಲಿ ಬೈಯೋದಿಲ್ಲ. ಮಕ್ಕಳು ಅತ್ತುಕೊಂಡು ಬಂದರೆ ಅಲ್ಲಿಗೆ ಕಳಿಸ್ತೀನಿ ಅಷ್ಟೇ."

"ಡಾಕ್ಟರನ್ನ ಕಡೆಯ ಸಲ ಯಾವಾಗ ನೋಡಿದೆ?"

ಅಶೋಕ ಯಂತ್ರ ನಿಲ್ಲಿಸಿದ. ಬೆರಳೆಣಿಸಿದ. ಮತ್ತೆ ಮೊದಲಿಂದ ಎಣಿಸಿದ.

ಅಷ್ಟರಲ್ಲಿ ಮಹಾನಗರಪಾಲಿಕೆಗೆ ಹೋಗಿದ್ದ ಈಶ್ವರಯ್ಯ ಮರಣ ನೋಂದಣಿಯ ನಕಲು ತಂದ. ಕಾಮೇಶ್ವರ ರಾವ್, ಐವತ್ತಾರು ವರ್ಷ, ಹೃದಯಾಘಾತ. ನವೆಂಬರ್ 9, 2002. ವರದಿ ಕೊಟ್ಟವರು: ಪತ್ನಿ ದುರ್ಗಾಂಬ.

ಮಧ್ಯಾಹ್ನ 12.15. ಓಣಿಯ ಕೊನೆಯಲ್ಲಿ ಹಳೆಯ ಹೆಂಚಿನ ಮನೆ. ಬಾಗಿಲು ತೆರೆದ ಹೆಂಗಸಿಗೆ ಐವತ್ತು ದಾಟಿತ್ತು. ಖಾಕಿ ಕಂಡು ಹಿಂಜರಿಯಲಿಲ್ಲ.

"ಡಾಕ್ಟರ್ ಗಾರು ಮನೇಲಿಲ್ಲ ಬಾಬು. ಹೊರಗೆ ಹೋಗಿದ್ದಾರೆ," ಎಂದರು ತೆಲುಗಿನಲ್ಲಿ.

"ಯಾವಾಗ ಬರ್ತಾರೆ?"

"ಹೇಳಿ ಹೋಗಲಿಲ್ಲ."

ಒಳಗೆ ಒಂದು ಮೇಜು, ಎದುರುಬದುರು ಎರಡು ಕುರ್ಚಿ. ಒಂದರ ಮುಂದೆ ಮೊಹರು, ಶಾಯಿಯ ಪ್ಯಾಡು, ಹಸಿರು ಪೆನ್ನು. ಪದ್ಮಾ ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದಳು. ಈಶ್ವರಯ್ಯ ಪಂಚನಾಮೆ ಬರೆಯಲು ಮೊಹರಿನ ಮುಂದಿದ್ದ ಕುರ್ಚಿ ಎಳೆದ.

"ಅದರಲ್ಲಿ ಬೇಡ!" ದುರ್ಗಾಂಬ ಕೂಗಿದರು.

ಈಶ್ವರಯ್ಯ ನೆಲದ ಮೇಲೆ ಕೂತು ಬರೆದ.

ಓಂಕಾರಪ್ಪ ಮರಣ ನೋಂದಣಿಯ ನಕಲನ್ನು ಅವರ ಮುಂದಿಟ್ಟರು. ದುರ್ಗಾಂಬ ಅದನ್ನು ನೋಡದೆ ಕಿಟಕಿಯತ್ತ ತಿರುಗಿದರು.

"ಈ ಸಹಿ ಯಾರದು?"

"ಡಾಕ್ಟರ್ ಗಾರದು."

"ಅಮ್ಮಾ, ನೀವು ಹಾಗೆಂದರೆ ನಾನು ಹಾಗೇ ಬರೀಬೇಕು. ಸತ್ತವರು ಸಹಿ ಹಾಕಿದರು ಅನ್ನೋದನ್ನ ಕೋರ್ಟು ನಂಬೋದಿಲ್ಲ. ಆಗ ಖೋಟಾ ಮೊಹರು ಹಾಕಿಕೊಂಡವರು ಆ ಹುಡುಗರೇ ಅಂತಾಗುತ್ತೆ. ಏಳು ಜನ. ಗುರುವಾರ ಅವರ ಸೀಟು ಹೋಗುತ್ತೆ. ಒಬ್ಬಳಿಗೆ ವಕೀಲಿಯೂ ಹೋಗುತ್ತೆ. ತೃಪ್ತಿ ಅಂತ."

"ಕನ್ನಡದ ಹುಡುಗಿ," ದುರ್ಗಾಂಬ ತಟ್ಟನೆ ಹೇಳಿದರು. "ಲಾ ಆಫ್ ಟಾರ್ಟ್ಸ್ ಎಪ್ಪತ್ತೊಂದು. ಕಾನ್ಸ್ಟಿಟ್ಯೂಷನ್ ಅರವತ್ತೆಂಟು. ಅವಳ ಕಾಗದದಲ್ಲಿ ಒಂದಂಕಿ ತಪ್ಪಿಲ್ಲ ಬಾಬು. ನಾನೇ ಅಸಲು ಓದಿ, ನಕಲು ಓದಿ ನೋಡಿದ್ದೀನಿ."

"ನೀವು ನೋಡಿದಿರಿ. ಸಹಿ?"

ಹೊರಗೆ ಆಟೋ ಒಂದು ಹಾರನ್ ಹೊಡೆದು ಹೋಯಿತು. ಪದ್ಮಾ ಬಂದು ದುರ್ಗಾಂಬ ಅವರ ಪಕ್ಕದಲ್ಲಿ ಮಂಡಿಯೂರಿ ಕೂತಳು.

"ಅವಳಿಗೆ ಗೊತ್ತಿತ್ತಾ ಅಮ್ಮಾ? ಅದೊಂದು ಹೇಳಿಬಿಡಿ."

"ಅವಳಿಗೇನು ಗೊತ್ತು ತಲ್ಲಿ? ಒಳಗಿದ್ದಾರೆ ಅಂತ ನಾನೇ ಹೇಳಿದ್ದು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಓಂಕಾರಪ್ಪ ಗಡಿಯಾರ ನೋಡಲಿಲ್ಲ, ಅವಸರ ಮಾಡಲಿಲ್ಲ.

ಕೊನೆಗೆ ದುರ್ಗಾಂಬ ಹೇಳಿದರು: "ಬರೆದುಕೊಳ್ಳಿ. ನಮ್ಮ ಯಜಮಾನರು ತೀರಿಕೊಂಡು ಇಪ್ಪತ್ತು ತಿಂಗಳಾಯಿತು. ಸಹಿ ಹಾಕಿದವಳು ನಾನು."

ಪಕ್ಕದ ಮನೆಯ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡರು. ಗಂಡನ ವಿಷಯವಾಗಿ 'ತೀರಿಕೊಂಡರು' ಎಂಬ ಮಾತನ್ನು ದುರ್ಗಾಂಬ ಆಡಿದ್ದು ಅದೇ ಮೊದಲು ಎಂದು ಆಮೇಲೆ ಪದ್ಮಾಗೆ ಹೇಳಿದರು.

ಮಧ್ಯಾಹ್ನ 2.05ಕ್ಕೆ ದುರ್ಗಾಂಬ ಅವರ ಬಂಧನವಾಯಿತು. ಮೊಹರು, ಪ್ಯಾಡು, ಪೆನ್ನು ಜಪ್ತಿಯಾದವು. ಹೊರಡುವ ಮುನ್ನ ಅವರು ಒಲೆಯ ಮೇಲಿನ ಹಾಲನ್ನು ಪಕ್ಕದ ಮನೆಗೆ ಕೊಟ್ಟು, ಪದ್ಮಾಳ ಜೊತೆ ನಡೆದರು. 4.20ಕ್ಕೆ ಅವರ ಹೇಳಿಕೆ ಫ್ಯಾಕ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಹೋಯಿತು. ಅದರ ಕೆಳಗೆ ಓಂಕಾರಪ್ಪ ಬರೆದರು: ಏಳೂ ಅಭ್ಯರ್ಥಿಗಳು ಸಾಕ್ಷಿಗಳು, ಆರೋಪಿಗಳಲ್ಲ.

ಗುರುವಾರ 11.50ಕ್ಕೆ ಠಾಣೆಯ ಫೋನು ಮೊಳಗಿತು. ತೃಪ್ತಿಯ ದನಿ.

"ಸೀಟು ಸಿಕ್ತು ಸರ್. ದಕ್ಷಿಣಾಮೂರ್ತಿಗಳು ಅಸಲು ಇಟ್ಕೊಂಡು ಒಂದೊಂದೇ ಸಾಲು ನೋಡಿದ್ರು. ಏಳೂ ಜನರ ಕಾಗದ ಸರಿ ಇದ್ವಂತ. ಆ ಅಮ್ಮಾರ ಜಾಮೀನಿಗೆ ಯಾರು ನಿಂತಾರ್ರಿ?"

"ನೀನು ಸಾಕ್ಷಿ. ನೀನು ನಿಲ್ಲೋ ಹಾಗಿಲ್ಲ."

"ಅಷ್ಟು ಕಾನೂನು ನನಗೂ ಗೊತ್ರಿ ಸರ್. ಅದನ್ನ ನಮ್ಮ ಸೀನಿಯರ್ ವಕೀಲರಿಗೆ ಒಪ್ಪಿಸೀನ್ರಿ. ಅವರು ಆಗಲೇ ಕೋರ್ಟಿನ್ಯಾಗದಾರ."

ಫೋನು ಇಟ್ಟು ಓಂಕಾರಪ್ಪ ಕೇಸ್ ಡೈರಿ ತೆರೆದರು. ಉದ್ದೇಶ ಎಂಬಲ್ಲಿ ಮೊದಲು 'ಲಾಭದ ಆಸೆ ಇಲ್ಲ' ಎಂದು ಬರೆದರು. ಆಮೇಲೆ ದುರ್ಗಾಂಬ ಹೇಳಿದ್ದನ್ನು ಬರೆದರು. ಇಪ್ಪತ್ತೆರಡು ವರ್ಷ ಪ್ರತಿ ಜೂನ್‌ನಲ್ಲಿ ಆಕೆ ಅಸಲು ಓದುತ್ತಿದ್ದರು, ಎದುರು ಕೂತ ಗಂಡ ನಕಲಿನ ಮೇಲೆ ಬೆರಳಾಡಿಸುತ್ತಿದ್ದರು. ಅವರು ಹೋದ ಹನ್ನೆರಡನೇ ದಿನ ಗುಡಿವಾಡದಿಂದ ಒಬ್ಬ ವಿದ್ಯಾರ್ಥಿನಿ ಬಂದು, ಡಾಕ್ಟರ್ ಇದ್ದಾರಾ ಎಂದಳು. ಅರ್ಜಿಗೆ ಮರುದಿನವೇ ಕೊನೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ, ಕಾಗದ ಒಳಗೆ ಒಯ್ದರು. ಓದಲು ಶುರು ಮಾಡಿದರೆ ಎದುರಿನ ಕುರ್ಚಿಯಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು. ಅದಕ್ಕೇ ನಿಧಾನವಾಗಿ ಓದಿದರು.