ಹನ್ನೊಂದು ಅಂಕದ ಫೈಲು

“ಹನ್ನೊಂದಾ? ನೂರಕ್ಕೆ ಹನ್ನೊಂದಾ?”

ಫಲಿತಾಂಶ ಅಂಟಿಸಿದ್ದ ಗೋಡೆಯ ಮುಂದೆ ನಿಂತು ಗುಮಾಸ್ತೆ ಕೂಗಿದರಂತೆ. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಕಂಪ್ಯೂಟರ್ ಸಾಮರ್ಥ್ಯ ಪರೀಕ್ಷೆಯ ಪ್ರಮಾಣಪತ್ರ ಶನಿವಾರದೊಳಗೆ ತರದಿದ್ದರೆ ಅವರ ಕುರ್ಚಿ ಬೇರೆಯವರ ಪಾಲು. ಮೊದಲ ಸಲ ಪರೀಕ್ಷೆಯ ನಡುವೆ ಕರೆಂಟ್ ಹೋಗಿ ಫೇಲಾಗಿದ್ದರು. ಇದು ಎರಡನೇ ಸಲ. ಅವರು ಅಳಲಿಲ್ಲ, ದೂರು ಬರೆದರು.

ಆ ದೂರು ಹಿಡಿದು ಗುರುವಾರ ಬೆಳಿಗ್ಗೆ ನಾವಿಬ್ಬರು ತರಬೇತಿ ಕೇಂದ್ರಕ್ಕೆ ಹೋದೆವು — ಪರೀಕ್ಷಾ ಮಂಡಳಿಯ ತಪಾಸಣಾಧಿಕಾರಿ ಮೇಡಂ, ಮತ್ತು ಅವರ ಸಹಾಯಕನಾದ ನಾನು.

“ನೀವೂ ಅರ್ಜಿ ನಮೂನೆ ಕೊಟ್ಟು ಹೋಗೋರೇನಾ?” ಗುಮಾಸ್ತೆ ಬಾಗಿಲಲ್ಲೇ ಕೇಳಿದರು. “ನಿನ್ನೆಯಿಂದ ನಾಲ್ಕು ತುಂಬಿದೀನಿ.”

“ಇಲ್ಲಮ್ಮ. ನಾನು ಫೈಲ್ ನೋಡೋಳು.”

ಕಂಪ್ಯೂಟರ್ ಕೋಣೆಯಲ್ಲಿ ಹನ್ನೆರಡು ಯಂತ್ರಗಳು. ಪರೀಕ್ಷೆ ಮುಗಿದ ಕೂಡಲೇ ಎಲ್ಲರ ಫೈಲುಗಳೂ ಮುಖ್ಯ ಕಂಪ್ಯೂಟರಿಗೆ ಸೇರಿ, ಬೀಗ ಬಿದ್ದು, ಮರುದಿನ ಮಂಡಳಿಗೆ ಹೋಗುತ್ತವೆ. ನಡುವೆ ಯಾರೂ ತೆರೆಯಕೂಡದು. ತೆರೆಯುವ ಪಾಸ್‌ವರ್ಡ್ ಇದ್ದದ್ದು ಇಬ್ಬರ ಬಳಿ — ಪಾಠ ಹೇಳುವ ಮೇಷ್ಟ್ರು ಮತ್ತು ಯಂತ್ರ ರಿಪೇರಿಯವನು.

ಮೇಷ್ಟ್ರು ನಿಟ್ಟುಸಿರಿಟ್ಟರು. “ನಾನೇನು ಮಾಡ್ಲಿ ಮೇಡಂ? ಮೂರು ತಿಂಗಳು ಹೇಳ್ಕೊಟ್ಟೆ. ತಲೆಗೆ ಹತ್ತಬೇಕಲ್ಲ? ಕೊನೇ ಸಾಲಿಗೆ ಮೊತ್ತ ಕೂಡ ಹಾಕಿಲ್ಲ, ಖಾಲಿ ಬಿಟ್ಟಿದಾರೆ.”

“ಸುಳ್ಳು! ಎಲ್ಲಾ ತುಂಬಿದೀನಿ!” ಗುಮಾಸ್ತೆ ಮೇಜು ಗುದ್ದಿದರು.

ರಿಪೇರಿಯವನು ಇನ್ನೂ ಸಿಡುಕ.

“ಪಾಸ್‌ವರ್ಡ್ ಇದೆ ಅಂದ್ರೆ ನಾನೇ ಕಳ್ಳನಾ? ಆರು ತಿಂಗಳಿಂದ ಹೊಸ ಕೀಬೋರ್ಡ್ ಕೇಳಿ ಕೇಳಿ ಬಾಯಿ ಒಣಗ್ತು. ಅದಕ್ಕೆ ಮಾತ್ರ ಯಾವ ತನಿಖೆನೂ ಇಲ್ಲ!”

ತನ್ನ ದುರಸ್ತಿ ಪುಸ್ತಕವನ್ನು ಮೇಡಂ ಮುಂದೆ ಎಸೆದೇಬಿಟ್ಟ. ಮೇಡಂ ಬೇಸರಿಸದೆ ಪುಟ ತಿರುವಿದರು. ನಾಲ್ಕನೆಯ ಯಂತ್ರದ ಪರದೆ ಮಂಜು. ಏಳನೆಯದರಲ್ಲಿ ಎಂಟರ ಕೀ ಸತ್ತಿದೆ. ಒಂಬತ್ತನೆಯದರ ಮೌಸ್ ತಂತಿ ಕಡಿದಿದೆ. ಎಲ್ಲವೂ ಪರೀಕ್ಷೆಗೆ ಎರಡು ದಿನ ಮುಂಚಿನವು. ಒಂದಕ್ಕೂ ಪರಿಹಾರವಿಲ್ಲ.

ಅತಿ ಹೆಚ್ಚು ಅಂಕ, ತೊಂಬತ್ತನಾಲ್ಕು, ಎರಡನೇ ಯಂತ್ರದಲ್ಲಿ ಕೂತಿದ್ದ ಯುವತಿಗೆ. ಅವಳನ್ನೂ ಕರೆಸಿದೆವು.

“ಚೆನ್ನಾಗಿ ಬರೆದಿದ್ರಾ?”

“ಅಷ್ಟೇನಿಲ್ಲ ಮೇಡಂ.” ದುಪಟ್ಟಾದ ಅಂಚು ಬೆರಳಿಗೆ ಸುತ್ತಿದಳು. “ಪಾಸಾದ್ರೆ ಸಾಕು ಅಂದ್ಕೊಂಡಿದ್ದೆ.”

ಮೇಡಂ ಎರಡೂ ಫೈಲು ತೆರೆದರು. ಪರೀಕ್ಷೆಯಲ್ಲಿ ಕೇಳಿದ್ದು ಪುಸ್ತಕ ಭಂಡಾರದ ಲೆಕ್ಕದ ಕೋಷ್ಟಕ. ಗುಮಾಸ್ತೆಯ ಹೆಸರಿನದು ಅರ್ಧಂಬರ್ಧ. ಕೊನೆಯ ಸಾಲು ಖಾಲಿ. ಯುವತಿಯದು ಅಚ್ಚುಕಟ್ಟು. ಮೇಡಂ ಅದರ ಒಂದೊಂದೇ ಮನೆ ಒತ್ತುತ್ತ ಹೋದರು. ಒಂದು ಗಂಟೆ ಕಳೆಯಿತು. ನನ್ನ ತಾಳ್ಮೆ ಕೆಟ್ಟಿತು.

“ಮೇಡಂ, ಇನ್ನೇನು ಹುಡುಕ್ತಿದೀರಾ?”

“ಕೂತ ಜಾಗ,” ಎಂದರು. “ಎಲ್ಲರನ್ನೂ ಕರಿ.”

ಎಲ್ಲರೂ ಬಂದರು. ಮೇಡಂ ತೊಂಬತ್ತನಾಲ್ಕರ ಫೈಲಿನಲ್ಲಿ ಎಂಬತ್ತೈದು ಎಂದಿದ್ದ ಮನೆ ಒತ್ತಿದರು. ಪರದೆಯ ಮೇಲ್ಭಾಗದ ಪಟ್ಟಿಯಲ್ಲಿ ಬೇರೆಯೇ ಮೂಡಿತು: =79+6.

“ಯಂತ್ರ ಕಾಣೋ ಅಂಕಿ ನೋಡಿ ಅಂಕ ಕೊಡುತ್ತೆ. ನಾನು ಒಳಗೆ ಬರೆದದ್ದು ನೋಡಿದೆ. ಹದಿನೆಂಟಕ್ಕೆ ಹದಿನೇಳು ಕೂಡಿಸು ಒಂದು. ಎಂಟು ಬರೋ ಪ್ರತಿ ಕಡೆಯೂ ಹೀಗೇ. ಬೇರೆಲ್ಲೂ ಇಲ್ಲ. ಎರಡನೇ ಯಂತ್ರದಲ್ಲಿ ಎಂಟರ ಕೀ ಸರಿಯಾಗಿದೆ. ಅಲ್ಲಿ ಕೂತೋರು ಯಾಕೆ ಹೀಗೆ ತಿಣುಕಾಡ್ಬೇಕು?”

ಮೇಡಂ ದುರಸ್ತಿ ಪುಸ್ತಕ ತೆರೆದು ಹಿಡಿದರು.

“ಸತ್ತ ಎಂಟು ಇರೋದು ಏಳರಲ್ಲಿ. ಅಲ್ಲಿ ಕೂತಿದ್ದು ಯಾರು?”

“ನಾನು,” ಗುಮಾಸ್ತೆ ಮುಂದೆ ಬಂದರು. “ಕೀ ಒತ್ತಿ ಒತ್ತಿ ಬೆರಳು ನೋಯ್ತು. ಕೈ ಎತ್ತಿದೆ. ಇರೋದ್ರಲ್ಲೇ ನಿಭಾಯ್ಸಿ ಅಂದ್ರು ಮೇಷ್ಟ್ರು. ನಿಭಾಯ್ಸಿದೆ.”

“ಎರಡು ಫೈಲಿನ ಹೆಸರು ಅದಲುಬದಲಾಗಿದೆ. ಮಾಡಿದ್ದು ಪಾಸ್‌ವರ್ಡ್ ಇದ್ದೋರು. ಮೇಷ್ಟ್ರೇ, ಕೊನೇ ಸಾಲು ಖಾಲಿ ಅಂದ್ರಲ್ಲ — ನಿಮಗೆ ಹೇಗೆ ಗೊತ್ತು? ಗೋಡೆ ಮೇಲಿರೋದು ಬರೀ ಒಟ್ಟು ಅಂಕ. ಆಗಿನ್ನೂ ನಾನೇ ಫೈಲ್ ತೆರೆದಿರಲಿಲ್ಲ.”

ಮೇಷ್ಟ್ರ ಕಣ್ಣು ಯುವತಿಯ ಕಡೆ ಹೋಯಿತು.

“ಮಾವ!” ಯುವತಿ ಎದ್ದು ನಿಂತಳು. “ನೀವಾ?”

ಅವಳು ಮೇಷ್ಟ್ರ ತಂಗಿಯ ಮಗಳು. ಸಂಬಂಧಿಕರು ಪರೀಕ್ಷೆಗೆ ಕೂತರೆ ಮೊದಲೇ ತಿಳಿಸಬೇಕೆಂಬ ನಿಯಮವನ್ನು ಮೇಷ್ಟ್ರು ಗಾಳಿಗೆ ತೂರಿದ್ದರು.

“ಎರಡು ಸಲ ಫೇಲಾಗಿದ್ದೆ ನೀನು,” ಮೇಷ್ಟ್ರು ನೆಲ ನೋಡುತ್ತ ಹೇಳಿದರು. “ನಿಮ್ಮಮ್ಮ ದಿನಾ ಫೋನ್ ಮಾಡಿ ಅಳೋಳು.” ಆಮೇಲೆ ಗುಮಾಸ್ತೆಯ ಕಡೆ ತಿರುಗಿದರು. “ನಿಮ್ಮದು ಚೆನ್ನಾಗಿತ್ತು. ಒಂದ್ಸಲ ಫೇಲಾದೋರು, ಇನ್ನೊಂದ್ಸಲ ಆದ್ರೆ ಯಾರೂ ಕೇಳಲ್ಲ ಅಂದ್ಕೊಂಡೆ.”

“ನಿಜ,” ಗುಮಾಸ್ತೆ ಅಂದರು. “ಯಾರೂ ಕೇಳ್ಲಿಲ್ಲ. ನಾನೇ ಕೇಳ್ಬೇಕಾಯ್ತು.”

ಮೇಷ್ಟ್ರಿಂದ ಹೇಳಿಕೆ ಬರೆಸಿಕೊಂಡದ್ದಾಯಿತು. ಆದರೆ ಅದಲುಬದಲಾದ ಫೈಲುಗಳು ರದ್ದು, ತಿದ್ದಿದ ಫಲಿತಾಂಶಕ್ಕೆ ಆರು ವಾರ — ಇದು ನಿಯಮ. ಓದಿ ಹೇಳುವಾಗ ನನಗೇ ನಾಚಿಕೆಯಾಯಿತು. ಗುಮಾಸ್ತೆ ಸೆರಗು ಸೊಂಟಕ್ಕೆ ಬಿಗಿದರು.

“ಈಗಲೇ ಮತ್ತೆ ಪರೀಕ್ಷೆ ಮಾಡಿ. ನಿಮ್ಮ ಕಣ್ಮುಂದೆ ಬರೀತೀನಿ.”

ಸ್ಥಳದಲ್ಲೇ ಮರುಪರೀಕ್ಷೆ ಮಾಡುವ ಅಧಿಕಾರ ಮೇಡಂಗಿತ್ತು. ಹೊಸ ಪ್ರಶ್ನೆಪತ್ರಿಕೆ ತರಿಸಿದರು. ಒಂದೂವರೆ ಗಂಟೆ ನಾನು ಗುಮಾಸ್ತೆಯ ಹಿಂದೆಯೇ ನಿಂತಿದ್ದೆ. ಅವರು ಒಮ್ಮೆಯೂ ತಲೆ ಎತ್ತಲಿಲ್ಲ.

ತೊಂಬತ್ತೇಳು.

ಮೇಡಂ ಸಹಿ ಹಾಕಿ ಪ್ರಮಾಣಪತ್ರ ಕೊಟ್ಟರು. ಗುಮಾಸ್ತೆ ಥ್ಯಾಂಕ್ಸ್ ಹೇಳಲಿಲ್ಲ, ನಗಲೂ ಇಲ್ಲ. ಕಿಟಕಿಯ ಬೆಳಕಿಗೆ ಹಿಡಿದು ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಎರಡು ಸಲ ಓದಿದರು. ಆಮೇಲೆ ನನ್ನ ಕೈಗಿತ್ತು, “ನೀವೂ ಒಂದ್ಸಲ ಓದಿ,” ಎಂದರು.