ಮೀನಿಲ್ಲದ ತೊಟ್ಟಿ

“ಯಾರು ತೊಳೆದಿದ್ದು ಇದನ್ನ?”

ಧಾತ್ರಿಯ ಕೂಗು ಅಡುಗೆಮನೆಯವರೆಗೂ ಕೇಳಿಸಿತು. ಡ್ರಾಯಿಂಗ್ ಕ್ಲಾಸಿನಿಂದ ಬಂದವಳು ಹೆಗಲಿನ ಬ್ಯಾಗನ್ನು ಇನ್ನೂ ಇಳಿಸಿರಲಿಲ್ಲ. ಕಿಟಕಿಯ ಬಳಿಯಿದ್ದ ಗಾಜಿನ ತೊಟ್ಟಿ ಆಗತಾನೇ ಅಂಗಡಿಯಿಂದ ತಂದಂತೆ ಥಳಥಳಿಸುತ್ತಿತ್ತು. ಒಳಗಿನ ಕಲ್ಲುಗಳು ಹೊಳೆಯುತ್ತಿದ್ದವು. ಫಿಲ್ಟರಿನೊಳಗಿರಬೇಕಾದ ಕಂದುಬಣ್ಣದ ಸ್ಪಾಂಜು ಬೆಳ್ಳಗಾಗಿ, ಬಾಲ್ಕನಿಯ ಹಗ್ಗದ ಮೇಲೆ, ಅಪ್ಪನ ಕಾಲುಚೀಲಗಳ ಪಕ್ಕದಲ್ಲಿ ಒಣಗುತ್ತಿತ್ತು.

“ನಾನೇ ಕಣೇ.” ಅಜ್ಜಿ ಸುಬ್ಬಲಕ್ಷ್ಮಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮುಖದ ತುಂಬ ಸಂತೋಷ. “ನಾಳೆ ನಿನ್ನ ಮೀನು ಬರತ್ತಲ್ಲ. ಮನೆಗೆ ಬರೋರನ್ನ ಗಲೀಜಲ್ಲಿ ಕೂರಿಸೋಕಾಗತ್ತಾ? ಕಲ್ಲಿಗೆಲ್ಲ ಕುದಿಯೋ ನೀರು ಹುಯ್ದೆ. ಆ ಸ್ಪಾಂಜಂತೂ ಥೂ, ಬರೀ ಲೋಳೆ! ಸೋಪು ಹಾಕಿ ಉಜ್ಜೀ ಉಜ್ಜೀ ಕೈ ನೋವು ಬಂತು.”

“ಆ ಲೋಳೇನೇ ಬೇಕಾಗಿತ್ತು ಅಜ್ಜಿ! ಎಲ್ಲಾ ಸತ್ತೋಯ್ತು!”

“ಏನು ಸತ್ತೋಯ್ತು? ಅದರಲ್ಲಿ ಮೀನೇ ಇರಲಿಲ್ಲವಲ್ಲೇ!”

ಪೇಪರ್ ಓದುತ್ತಿದ್ದ ಅಪ್ಪ ಕಿಸಕ್ಕನೆ ನಕ್ಕರು. ಧಾತ್ರಿಯ ಕಿವಿಗಳು ಬಿಸಿಯಾದವು.

ಮಳೆಗಾಲದ ಮೊದಲು ಅವಳು ಹೊಸ ತೊಟ್ಟಿಗೆ ಹೊಸ ನೀರು ತುಂಬಿ, ಅದೇ ದಿನ ಎರಡು ಗೋಲ್ಡ್ ಫಿಶ್ ಬಿಟ್ಟಿದ್ದಳು. ವಾರ ಕಳೆಯುವ ಮೊದಲೇ ಎರಡೂ ಸತ್ತು ತೇಲಿದ್ದವು. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ. ಆ ವಿಷವನ್ನು ತಿಂದು ಕರಗಿಸುವ, ಕಣ್ಣಿಗೆ ಕಾಣದ ಜೀವಿಗಳು ಮೊದಲು ಸ್ಪಾಂಜಿನಲ್ಲಿ ಬೆಳೆಯಬೇಕು. ಇದನ್ನು ಅವಳಿಗೆ ತಿಳಿಸಿದವಳು ಎರಡು ಸ್ಟೇಷನ್ ಆಚೆ ಜೋಗೇಶ್ವರಿಯಲ್ಲಿರುವ ಗೆಳತಿ ಶೀತಲ್. ಅಂದಿನಿಂದ ಧಾತ್ರಿ ಆ ಜೀವಿಗಳಿಗಾಗಿ, ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕುತ್ತ ಕಾದಿದ್ದಳು. ನಿನ್ನೆ ನೀರನ್ನು ಪರೀಕ್ಷಿಸಿದಾಗ, ವಿಷವಿದ್ದರೆ ಹಸಿರಾಗುವ ದ್ರಾವಣ ಕೊನೆಗೂ ಹಳದಿಯಾಗಿಯೇ ಉಳಿದಿತ್ತು. ಅವಳು ಕುಣಿದಾಡಿದ್ದಳು.

ಶೀತಲಳ ತೊಟ್ಟಿಯಲ್ಲಿ ಗಪ್ಪಿ ಮೀನಿನ ಮರಿಗಳು ಕಿಕ್ಕಿರಿದಿದ್ದವು. ಭಾನುವಾರ ಧಾತ್ರಿ ಒಯ್ಯದಿದ್ದರೆ ಅವನ್ನು ಅಂಗಡಿಗೆ ಕೊಟ್ಟುಬಿಡುವುದಾಗಿ ಶೀತಲಳ ಅಪ್ಪ ಹೇಳಿದ್ದರು. ಈಗ ತಂದರೆ ಅವೂ ಸಾಯುತ್ತವೆ. ತರದಿದ್ದರೆ ಮೀನೇ ಇಲ್ಲ.

“ಇನ್ನೊಂದು ಸಲ ಬೆಳೆಸಿದರಾಯ್ತು ಬಿಡು,” ಎಂದರು ಅಪ್ಪ.

ಧಾತ್ರಿ ದಡದಡನೆ ಅಡುಗೆಮನೆಗೆ ನಡೆದಳು. ಕಟ್ಟೆಯ ಮೂಲೆಯಲ್ಲಿ, ಪುಟ್ಟ ಮುಚ್ಚಳದ ಕೆಳಗೆ ಅಜ್ಜಿಯ ಹೆಪ್ಪಿನ ಬಟ್ಟಲಿತ್ತು. ರಾತ್ರಿ ಹಾಲಿಗೆ ಹಾಕಲೆಂದು ಅಜ್ಜಿ ಎತ್ತಿಟ್ಟಿದ್ದ, ತಳ ಮುಚ್ಚುವಷ್ಟೇ ಮೊಸರು.

“ಇದೂ ಗಲೀಜೇ!” ಎಂದು ಧಾತ್ರಿ ನಲ್ಲಿ ತಿರುಗಿಸಿದಳು. ಸೋಪು ಹಚ್ಚಿ ಬಟ್ಟಲನ್ನು ಗರಗರ ಉಜ್ಜಿದಳು. ಟಣ್ ಎಂದು ಬೋರಲು ಹಾಕಿದಳು.

ಅಜ್ಜಿ ಬಾಗಿಲಲ್ಲಿ ನಿಂತಿದ್ದರು.

“ಅದು ಹೆಪ್ಪು.”

“ಗೊತ್ತು!”

ಅಜ್ಜಿಯ ಮುಖ ಕೆಂಪಾಯಿತು. ತುಟಿಗಳು ಬಿಗಿದವು.

“ಪ್ಯಾಕೆಟ್ ಮೊಸರು ತರ್ತೀನಮ್ಮ, ಅದರಲ್ಲೇ ಹೆಪ್ಪು ಹಾಕು,” ಅಪ್ಪ ಅವಸರದಿಂದ ಎದ್ದು ಬಂದರು.

“ನಾಳೆ ದ್ವಾದಶಿ ಕಣೋ. ಅಂಗಡಿ ಮೊಸರು ನೈವೇದ್ಯಕ್ಕೆ ಆಗತ್ತಾ?”

ಧಾತ್ರಿಗೆ ಆಗ ನೆನಪಾಯಿತು. ಇಂದು ಏಕಾದಶಿ. ಅಜ್ಜಿ ಬೆಳಗಿನಿಂದ ಹನಿ ನೀರನ್ನೂ ಮುಟ್ಟಿರಲಿಲ್ಲ. ನಾಳೆ ಬೆಳಗ್ಗೆ ದೇವರಿಗೆ ಮೊಸರನ್ನ ಅರ್ಪಿಸಿದ ಮೇಲೆಯೇ ಅವರ ಊಟ. ಆ ಉಪವಾಸದಲ್ಲಿಯೇ ತೊಟ್ಟಿಯ ಕಲ್ಲುಗಳನ್ನೆಲ್ಲ ಹೊತ್ತು ತೊಳೆದಿದ್ದರು.

ನೆನಪಾದದ್ದಕ್ಕೂ ಅವಳಿಗೆ ಸಿಟ್ಟು ಬಂತು.

“ಚಪ್ಪಲಿ ಹಾಕ್ಕೋ,” ಎಂದರು ಅಜ್ಜಿ. “ಮಾಟುಂಗದ ಶೀಲಾವತಿ ಮನೇಲಿ ಹೆಪ್ಪಿದೆ. ದೀಪ ಹಚ್ಚೋಕೆ ಮುಂಚೆ ಹೋಗ್ಬೇಕು.”

“ನಾನ್ಯಾಕೆ ಬರ್ಬೇಕು?”

“ತೊಳೆದೋಳು ನೀನು. ಹೊತ್ತು ತರೋಳೂ ನೀನೇ.”

ಪಾರ್ಲೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ತುಂಬಿ ಬಂತು. ಲೇಡೀಸ್ ಡಬ್ಬಿಯಲ್ಲಿ ಹೇಗೋ ಸೀಟು ಸಿಕ್ಕಿತು. ಇಬ್ಬರೂ ನಡುವೆ ಒಂದು ಗೇಣು ಜಾಗ ಬಿಟ್ಟು ಕೂತರು. ಒಬ್ಬಳು ಕಿಟಕಿ ನೋಡಿದಳು. ಇನ್ನೊಬ್ಬರು ಫ್ಯಾನು ನೋಡಿದರು.

“ಆಜೀ, ಜರಾ ಸರ್ಕಾ ನಾ,” ಎಂದು ಸರಿಯಲು ಹೇಳುತ್ತ ಹೆಂಗಸೊಬ್ಬಳು ತುದಿಯಲ್ಲಿ ಕೂತಳು. ಆ ಒಂದು ಗೇಣೂ ಇಲ್ಲವಾಯಿತು. ಅಜ್ಜಿಯ ತೋಳಿಗೆ ತೋಳು ಒತ್ತಿಕೊಂಡೇ ಧಾತ್ರಿ ಮುಖ ಊದಿಸಿಕೊಂಡಿದ್ದಳು. ಆ ತೋಳಿನಿಂದ ಇನ್ನೂ ಸೋಪಿನ ವಾಸನೆ ಬರುತ್ತಿತ್ತು.

ಶೀಲಾವತಿ ಬಾಗಿಲು ತೆರೆದಾಗ ಅವರ ಕೈಯಲ್ಲಿ ಬೆಂಕಿಪೊಟ್ಟಣವಿತ್ತು.

“ಅಯ್ಯೋ ಸುಬ್ಬಕ್ಕ! ದೀಪ ಹಚ್ಚೋಕೇ ಹೊರಟಿದ್ದೆ. ಹಚ್ಚಿದ ಮೇಲೆ ಬಂದಿದ್ರೆ ಒಂದು ಹನಿ ಮೊಸರೂ ಕೊಡ್ತಿರಲಿಲ್ಲ ನೋಡಿ.” ಅವರು ಒಳಗಿನಿಂದ ಪುಟ್ಟ ಸ್ಟೀಲ್ ಡಬ್ಬಿ ತಂದರು. “ಹೋದ ವರ್ಷ ನಮ್ಮದು ಕೆಟ್ಟಾಗ ನೀವೇ ತಂದುಕೊಟ್ಟಿದ್ದು. ಮೈಸೂರಿಂದ ನಿಮ್ಮ ಅತ್ತೆ ಕೊಟ್ಟ ಹೆಪ್ಪು ಅಂದಿದ್ರಿ. ಅದಕ್ಕೇನಾಯ್ತು?”

ಧಾತ್ರಿ ಅಜ್ಜಿಯ ಬೆನ್ನ ಹಿಂದೆ ಸರಿದಳು.

“ತೊಳೆದುಹೋಯ್ತು ಕಣ್ರೀ,” ಎಂದರು ಅಜ್ಜಿ. ಯಾರ ಕೈಯಿಂದ ಎಂದು ಹೇಳಲಿಲ್ಲ.

ಶೀಲಾವತಿ ಡಬ್ಬಿಯನ್ನು ಧಾತ್ರಿಯ ಕೈಗಿಟ್ಟರು. “ಹುಷಾರು ಪುಟ್ಟಿ. ಸುಡೋ ಹಾಲಿಗೆ ಹಾಕ್ಬೇಡಿ, ಸತ್ತೋಗತ್ತೆ.”

“ಹೆಪ್ಪು ಸಾಯತ್ತಾ?”

“ಮತ್ತೆ? ಜೀವ ಇದ್ರೆ ತಾನೇ ಹಾಲು ಮೊಸರಾಗೋದು?”

ಹಿಂದಿರುಗುವ ಲೋಕಲಿನಲ್ಲಿ ಧಾತ್ರಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಗಾಡಿ ಕುಲುಕಿದಾಗಲೆಲ್ಲ ಮುಚ್ಚಳವನ್ನು ಒತ್ತಿದಳು.

ಬಾಂದ್ರಾ ದಾಟಿದ ಮೇಲೆ ಅಜ್ಜಿ ಮೆಲ್ಲನೆ ಕೇಳಿದರು. “ನಿನ್ನ ಆ ಲೋಳೆ... ಅದೂ ಹೀಗೇನಾ?”

“ಹೂಂ.”

“ಹಾಗಂತ ಯಾಕೇ ಹೇಳ್ಲಿಲ್ಲ?”

ನೀನು ಕೇಳಲೇ ಇಲ್ಲವಲ್ಲ ಎಂದು ರೇಗಲು ಧಾತ್ರಿ ಬಾಯಿ ತೆರೆದಳು. ಆದರೆ ಅಜ್ಜಿ ಕೇಳಿದ್ದರು. ಒಂದು ಬೆಳಗ್ಗೆ, ಕಾಫಿ ಲೋಟ ಹಿಡಿದು ತೊಟ್ಟಿಯ ಮುಂದೆ ನಿಂತು, “ಇಲ್ಲದ ಮೀನಿಗೆ ಯಾಕೇ ಊಟ ಹಾಕ್ತೀಯಾ?” ಎಂದಿದ್ದರು. ಧಾತ್ರಿ ಮೊಬೈಲಿನಿಂದ ತಲೆ ಎತ್ತದೆ ಹೇಳಿದ್ದಳು: “ಅದು ಸೈನ್ಸ್ ಅಜ್ಜಿ. ನಿಂಗೆ ಗೊತ್ತಾಗಲ್ಲ.”

ಅವಳು ತೆರೆದ ಬಾಯನ್ನು ಮುಚ್ಚಿದಳು.

“ಅದಕ್ಕೆ ಹೆಪ್ಪು ಯಾರ ಮನೇಲಾದ್ರೂ ಸಿಗತ್ತಾ?” ಎಂದರು ಅಜ್ಜಿ.

ಧಾತ್ರಿ ತಿರುಗಿ ಅವರನ್ನೇ ನೋಡಿದಳು. ಡಬ್ಬಿಯನ್ನು ಅವರ ಮಡಿಲಿಗಿಟ್ಟು ಫೋನ್ ತೆಗೆದಳು.

“ಶೀತಲ್, ನಿನ್ನ ಫಿಲ್ಟರ್ ಸ್ಪಾಂಜು ಅರ್ಧ ಕಟ್ ಮಾಡಿ ಕೊಡ್ತೀಯಾ? ಪ್ಲೀಸ್, ತೊಳೀಬೇಡ!”

“ಭಾಳ ಹೊಲಸ ಆಗೇತಿ ನೋಡ. ಚಲೇಗಾ?”

“ಹೊಲಸೇ ಬೇಕು!” ಧಾತ್ರಿ ಕಿರುಚಿದಳು. ಎದುರಿನ ಸೀಟಿನವರು ಹುಬ್ಬೇರಿಸಿದರು. “ಮತ್ತೆ ಮೊದಲು ಎರಡೇ ಮರಿ ಕೊಡು, ಅರ್ಧ ಸ್ಪಾಂಜಿಗೆ ಜಾಸ್ತಿ ಮೀನಿನ ಹೊಲಸು ತಡೆಯಲ್ಲ. ಉಳಿದದ್ದನ್ನ ಅಂಗಡಿಗೆ ಕೊಡಬೇಡಿ ಅಂತ ನಿಮ್ಮಪ್ಪಂಗೆ ಹೇಳು.”

“ಹೇಳಿದ್ರ ಕೇಳಂಗಿಲ್ಲ. ಅಳ್ತೇನಿ. ಅತ್ರ ಕೇಳ್ತಾರ.”

ಭಾನುವಾರ ಬೆಳಗ್ಗೆ ಹಾಲು ಗಟ್ಟಿ ಮೊಸರಾಗಿತ್ತು. ನೈವೇದ್ಯವಾಯಿತು, ಅಜ್ಜಿ ಉಂಡರು. ಮಧ್ಯಾಹ್ನ ಜೋಗೇಶ್ವರಿಯಿಂದ, ಶೀತಲಳ ತೊಟ್ಟಿಯದೇ ನೀರಿನಲ್ಲಿ ನೆನೆಯುತ್ತ, ಕಂದು ಸ್ಪಾಂಜಿನ ತುಂಡು ಬಂತು. ಪ್ಲಾಸ್ಟಿಕ್ ಚೀಲದಲ್ಲಿ ಎರಡು ಗಪ್ಪಿ ಮರಿಗಳೂ ಬಂದವು. ನಲ್ಲಿ ನೀರಿನ ಕ್ಲೋರಿನ್ ಹೋಗಲೆಂದು ಧಾತ್ರಿ ರಾತ್ರಿಯೇ ತೊಟ್ಟಿ ತುಂಬಿಸಿ ಔಷಧಿಯ ಹನಿ ಹಾಕಿಟ್ಟಿದ್ದಳು. ಮರಿಗಳು ಬಾಲ ಅಲ್ಲಾಡಿಸುತ್ತ ಕಲ್ಲುಗಳ ನಡುವೆ ನುಸುಳಿದವು.

ಸ್ಪಾಂಜನ್ನು ಒಳಗಿಡುವಾಗ ಗಾಜಿನ ಮೇಲೆ ಕಂದುಬಣ್ಣದ ಗೆರೆ ಇಳಿದಿತ್ತು. ಅಜ್ಜಿ ಅಭ್ಯಾಸಬಲದಿಂದ ಬಟ್ಟೆ ಎತ್ತಿಕೊಂಡವರು, ಅಲ್ಲೇ ನಿಂತರು.

“ಒರೆಸಬಹುದಾ?”

“ಹೊರಗಡೆ ಮಾತ್ರ,” ಎಂದಳು ಧಾತ್ರಿ. ದನಿಯಲ್ಲಿ ನಿನ್ನೆಯ ಸಿಟ್ಟು ಸ್ವಲ್ಪ ಉಳಿದಿತ್ತು.

ಅಜ್ಜಿ ಹೊರಗಡೆ ಮಾತ್ರ ಒರೆಸಿದರು. ಬಹಳ ಹೊತ್ತು ಮರಿಗಳನ್ನು ನೋಡಿದರು. ಆಮೇಲೆ, ಈ ಸಲವೂ ಬೈಸಿಕೊಳ್ಳಲು ಸಿದ್ಧರಾದವರಂತೆ, ತುಸು ಹಿಂಜರಿಯುತ್ತ ಕೇಳಿದರು.

“ಅಲ್ವೇ, ಇಲ್ಲದ ಮೀನಿಗೆ ಯಾಕೆ ಊಟ ಹಾಕ್ತಿದ್ದೆ?”

ಧಾತ್ರಿ ಮೊಬೈಲನ್ನು ಕಿಟಕಿಯ ಕಟ್ಟೆಯ ಮೇಲೆ ಬೋರಲಿಟ್ಟಳು. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು, ಅಜ್ಜಿ ಕೂರುವಂತೆ ತೊಟ್ಟಿಯ ಹತ್ತಿರಕ್ಕೆ ತಂದಿಟ್ಟಳು.