ಮಂಗಳವಾರದ ನೀಲಿ

"ಆ ಡಬ್ಬಿ ಅತ್ಲಾಗಿಡಿ ಟೀಚರೇ! ಅದನ್ನ ಬಳಿದ್ರೆ ನಿಮ್ಮಪ್ಪಾರು ಬೀದಿ ಕೊನೇಲೇ ಕಂಡಿಡಿದ್ಬುಡ್ತಾರೆ!"

ತಾನು ತಂದ ಬಣ್ಣದ ಡಬ್ಬಿ ಹಿಡಿದಿದ್ದ ಪವಿತ್ರ ಬೆಚ್ಚಿದಳು. ಬೆಳ್ಳೂರು ಕ್ರಾಸಿನ ಆ ಪೇಂಟಿಂಗ್ ಶೆಡ್ಡಿಗೆ ಕಾಲಿಟ್ಟು ಎರಡು ನಿಮಿಷವೂ ಆಗಿರಲಿಲ್ಲ. ಡೇರಿ ಗೇಟಿಗೆ ಅಪ್ಪನ ನೀಲಿ ಕಾರಿನ ಬಾಗಿಲು ಉಜ್ಜಿಸಿದ್ದನ್ನು ಹೇಳಿದ್ದಳು. ಯಾತ್ರೆಗೆ ಹೋಗಿರುವ ಶಿವಲಿಂಗಯ್ಯ ಶನಿವಾರ ಬರುತ್ತಾರೆ, ಒಂದು ಗೆರೆ ಕಂಡರೂ ಮತ್ತೆ ಕಾರಿನ ಕೀ ಕೊಡುವುದಿಲ್ಲ ಎಂದೂ ಹೇಳಿದ್ದಳು.

"ಇದು ಅದೇ ಕಂಪನಿ ಬಣ್ಣ ಕಣ್ರೀ! ಅದೇ ನಂಬರು!"

"ಕಾರು ಎಂಟು ವರ್ಸ ಬಿಸ್ಲು ಕುಡಿದದೆ. ನಿಮ್ ಡಬ್ಬಿ ಕುಡಿದದಾ?"

ನಗು ಬಂತು. ತಡೆದುಕೊಂಡಳು.

ಪೇಂಟರ್ ದೇವರಾಜು ಹಳೆಯ ಬಣ್ಣವನ್ನು ಅಂಗೈಯಗಲ ಉಜ್ಜಿ ತೊಳೆದ. ನೀಲಿಗೆ ಬಿಳಿ ಬೆರೆಸಿದ. ಒಂದು ತೊಟ್ಟು ಕಪ್ಪು. ಆಮೇಲೆ... ಹಳದಿ!

"ನೀಲಿಗ್ಯಾಕೆ ಹಳದಿ?"

"ಬಿಸ್ಲು ಬುಟ್ಟೋದ ಬಣ್ಣ ಅದು. ನಾವೂ ಸೇರಿಸ್ಬೇಕು."

ತಗಡಿನ ಪಟ್ಟಿಗೆ ಬಳಿದು ಬಾಗಿಲಿಗೆ ಹಿಡಿದ. ಹಸಿಯಲ್ಲಿ ಒಂದು ಬಣ್ಣ, ಒಣಗಿದರೆ ಇನ್ನೊಂದು. ನೆರಳಲ್ಲಿ ಹೊಂದಿದ್ದು ಬಿಸಿಲಿಗೆ ಬಂದರೆ ಬೇರೆ!

"ಚೂರು ಕಪ್ಪು ಜಾಸ್ತಿ ಆಯ್ತಲ್ವಾ?" ಎಂದಳು.

ಅವನು ಹುಬ್ಬೇರಿಸಿದ. "ಭಲೇ ಕಣ್ಣು ನಿಮ್ದು!"

ಮರುದಿನ, ಮಂಗಳವಾರ, ಸ್ಕೂಲು ಬಿಟ್ಟವಳೇ ಓಡಿಬಂದಳು. ದೇವರಾಜು ಹೊಸ ಪಟ್ಟಿಯನ್ನು ಬಿಸಿಲಲ್ಲಿ ಬಾಗಿಲಿಗೆ ಹಿಡಿದ. ಪಟ್ಟಿ ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಶುರುವಾಯಿತು... ತಿಳಿಯಲೇ ಇಲ್ಲ.

'ಒಪ್ಪಿಬಿಟ್ಟರೆ ನಾಳೆ ಇಲ್ಲಿಗೆ ಏನಂತ ಬರಲಿ?'

"ಚೂರು... ಹಳದಿ ಕಮ್ಮಿ."

ಬುಧವಾರ ಅದೇ ಮಾತು. ಗುರುವಾರ ಅವಳು ಬಂದಾಗ ಬಣ್ಣದ ಡಬ್ಬಿಗಳೆಲ್ಲ ಮುಚ್ಚಿದ್ದವು. ದೇವರಾಜು ಕೈ ಒರೆಸುತ್ತಾ ಕೂತಿದ್ದ.

"ಕೆ.ಆರ್. ಪೇಟೇಲಿ ನಮ್ ಮೇಸ್ತ್ರಿ ಕುಳ್ಳಯ್ಯ ಅವ್ರೆ, ಗಾಡಿ ಅಲ್ಲಿಗೆ ತಗೊಂಡೋಗಿ. ಶನಿವಾರದೊಳಗೆ ಮಾಡ್ಕೊಡ್ತಾರೆ."

"ಯಾಕೆ? ನನ್ಮೇಲೆ ಕೋಪಾನಾ?"

"ನಿಮ್ಮೇಲಲ್ಲ. ಎರಡು ದಿನದಿಂದ ನಂಗೆ ಸರಿ ಅನ್ಸಿದ್ದು ನಿಮ್ಗೆ ತಪ್ಪಾಗಿ ಕಾಣ್ತದೆ. ನನ್ ಕಣ್ಣೇ ಕೆಟ್ಟದೆ. ಈ ಕಣ್ಣು ಬುಟ್ರೆ ನನ್ತಾವ ಇನ್ನೇನಿದ್ದದು? ಈ ಕೆಲ್ಸ ಬುಟ್ಬುಡದು ಅಂತಿವ್ನಿ."

ತನ್ನ ಒಂದು ಸುಳ್ಳು ಈ ಮನುಷ್ಯನ ಕಣ್ಣನ್ನೇ ಕಿತ್ತುಕೊಂಡಿತಲ್ಲ!

ತಂತಿಯಲ್ಲಿ ನೇತಾಡುತ್ತಿದ್ದ ಪಟ್ಟಿಗಳಲ್ಲಿ ಒಂದನ್ನು ತಡಕಾಡದೆ ಕಿತ್ತು ಅವನ ಮುಂದೆ ಹಿಡಿದಳು.

"ಇದು. ಮಂಗಳವಾರದ್ದು. ಅವತ್ತೇ ಸರಿಹೋಗಿತ್ತು ಕಣ್ರೀ... ನಾನೇ ಸುಳ್ಳು ಹೇಳ್ದೆ."

"ಯಾಕ್ರೀ ಟೀಚರೇ?"

"ಅದನ್ನೂ ನಾನೇ ಹೇಳ್ಬೇಕಾ?" ಅವಳ ಕಣ್ಣು ತುಂಬಿತು. "ಬಾಗ್ಲು ಮುಗ್ದೋದ್ರೆ... ನಿಮ್ಮನ್ನ ನೋಡಕ್ಕೆ ನಾನು ಕಾರನ್ನ ಇನ್ಯಾವ ಗೇಟಿಗೆ ಗುದ್ಲಿ?"

ದೇವರಾಜು ಪಟ್ಟಿಯನ್ನು ನೋಡಿದ. ಅವಳನ್ನು ನೋಡಿದ. ಮೆಲ್ಲಗೆ ಎದ್ದು ಮಂಗಳವಾರದ ಡಬ್ಬಿಯ ಮುಚ್ಚಳ ಮೀಟಿದ.

"ಅಂಗಾದ್ರೆ ನನ್ ಕಣ್ಣು ಸರಿಯಾಗೇ ಅದೆ?"

"ಬಣ್ಣ ನೋಡಕ್ಕೆ ಅದೆ. ಎದುರಿಗೆ ನಿಂತೋರನ್ನ ನೋಡಕ್ಕೆ ಮಾತ್ರ ಕುರುಡು!"

ಅವನು ನಕ್ಕ. ಅವಳೂ ಕಣ್ಣೊರೆಸಿಕೊಂಡು ನಕ್ಕಳು.

"ಅಪ್ಪಂಗೆ ಗೊತ್ತಾಗಲ್ಲ ತಾನೆ?"

"ಬಾಗ್ಲು ನೋಡಿದ್ರೆ ಗೊತ್ತಾಗಕಿಲ್ಲ... ನಿಮ್ ಮೊಕ ನೋಡಿದ್ರೆ ಗೊತ್ತಾಗ್ಬುಡ್ತದೆ!"

"ಗೊತ್ತಾಗ್ಲಿ ಬುಡಿ. ಕೀ ಓದ್ರೂ ಓಗ್ಲಿ... ಅಪ್ಪಂಗೆ ನಾನೇ ಏಳ್ತೀನಿ," ಅವನ ಮಾತಿನ ಧಾಟಿಯಲ್ಲೇ ಅಂದಳು ಪವಿತ್ರ.